ಐದು ಬೋಳು ಕೇಕುಗಳು

ನಮ್ಮ ಸೂಪರ್ ಮಾರ್ಕೆಟ್ಟಿನ ಹಿಂಭಾಗದಲ್ಲಿ, ಸೋಪಿನ ಗೋಡೌನಿಗೂ ಕೆಲಸದವರ ಬಚ್ಚಲಿಗೂ ನಡುವೆ ಒಂದು ಕೋಣೆಯಿದೆ. ಬಾಗಿಲ ಮೇಲೆ 'ತಾಜಾ ಬೇಕರಿ' ಎಂದು ಬರೆದಿದೆ. ಒಳಗೆ ಒಂದು ಓವನ್, ಒಂದು ಕಲಸುವ ಯಂತ್ರ, ಒಂದು ಉದ್ದನೆಯ ಸ್ಟೀಲಿನ ಮೇಜು ಮತ್ತು ನನ್ನ ಚಿಕ್ಕಮ್ಮ. ಹನ್ನೊಂದು ವರ್ಷದಿಂದ ಈ ನಾಲ್ಕೂ ಅಲ್ಲೇ ಇವೆ. ನಾಲ್ಕರಲ್ಲಿ ರಜೆ ಕೇಳುವುದು ಚಿಕ್ಕಮ್ಮ ಒಬ್ಬಳೇ ಆದ್ದರಿಂದ ಮ್ಯಾನೇಜರಿಗೆ ಉಳಿದ ಮೂರರ ಮೇಲೆ ಹೆಚ್ಚು ಪ್ರೀತಿ.

ಆ ಕೋಣೆಯ ನೆಲ ಡೊಂಕು. ಕಟ್ಟಿದವರು ನೀರು ಬಚ್ಚಲ ಕಡೆ ಹರಿಯಲಿ ಎಂದು ಇಳಿಜಾರು ಮಾಡಿದ್ದರು. ಅಲ್ಲಿ ಓವನ್ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ಓವನ್ನಿನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಕೆಳಗಿದೆ. ಕಲಸಿದ ಹಿಟ್ಟು ನೀರಿನ ಹಾಗೆಯೇ, ತಗ್ಗು ಕಂಡ ಕಡೆ ಸರಿಯುತ್ತದೆ. ನಮ್ಮ ಚಾಕೊಲೇಟ್ ಕೇಕು ಎಡಕ್ಕೆ ದಪ್ಪ, ಬಲಕ್ಕೆ ತೆಳುವಾಗಿ ಹುಟ್ಟುತ್ತದೆ. ಚಿಕ್ಕಮ್ಮ ತೆಳುವಾದ ಕಡೆಗೆ ಕ್ರೀಮು ಹೆಚ್ಚು ಬಳಿದು ಸಮ ಮಾಡುತ್ತಾಳೆ. ಗಾಜಿನ ಪೆಟ್ಟಿಗೆಯಲ್ಲಿ ಎರಡು ಗಂಟೆ ಕೂತ ಮೇಲೆ ಕ್ರೀಮು ಇಳಿಯುತ್ತದೆ, ಕೇಕು ಆ ಕಡೆಗೆ ವಾಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿರುವ ಅಷ್ಟೂ ಕೇಕುಗಳು ಪಕ್ಕದವರ ಮಾತಿಗೆ ಕಿವಿಗೊಟ್ಟಂತೆ ಒಂದೇ ಕಡೆ ಬಾಗಿರುತ್ತವೆ.

ಓವನ್ನಿನ ಕೆಳಗೆ ಏನಾದರೂ ಕೊಟ್ಟು ಸಮ ಮಾಡಿಸಿ ಎಂದು ಚಿಕ್ಕಮ್ಮ ಮೂರು ಸಲ ಅರ್ಜಿ ಬರೆಸಿದ್ದಳು. ಬರೆದದ್ದು ನಾನು. ಮೂರನೆಯದನ್ನು ಓದಿ ಮ್ಯಾನೇಜರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಲ್ಲರ ಮುಂದೆ ಹೇಳಿ, ಅರ್ಜಿಯನ್ನು ಫೈಲಿಗೆ ಸೇರಿಸಿದರು. ನೆಲ ನಿಜಕ್ಕೂ ಡೊಂಕಾಗಿದ್ದರೆ ಏನು ಮಾಡಬೇಕೆಂದು ಆ ಗಾದೆ ಕಟ್ಟಿದವರು ಹೇಳಿಹೋಗಿಲ್ಲ.

ಮ್ಯಾನೇಜರಿಗೆ ನಾವು ಇಟ್ಟ ಹೆಸರು ಸ್ಮೈಲ್ ಸಾರ್. ಪ್ರತಿ ಕೌಂಟರಿನಲ್ಲೂ 'ನಗುತ್ತಾ ಸೇವೆ ಮಾಡಿ' ಎಂದು ಚೀಟಿ ಅಂಟಿಸಿದವರು ಅವರೇ. ಅವರು ಸ್ವತಃ ನಗುವುದು ಹೆಡ್ ಆಫೀಸಿನಿಂದ ಫೋನು ಬಂದಾಗ ಮಾತ್ರ. ಫೋನಿನಲ್ಲಿ ನಗು ಕಾಣುವುದಿಲ್ಲವೆಂದು ಅವರಿಗೆ ಇನ್ನೂ ಗೊತ್ತಿಲ್ಲ.

ನಾನು ಹೊರಗಿನ ಕೇಕ್ ಕೌಂಟರಿನಲ್ಲಿ ಡಬ್ಬ ಮಡಿಸುವುದು, ಕೇಕು ಇಡುವುದು, ದಾರ ಕಟ್ಟುವುದು ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟೆ. ಅಂದಿನಿಂದ ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ, ಕೆಲಸಕ್ಕೆ ಸೇರಿಸಿದವಳೂ ಅವಳೇ. ಗಿರಾಕಿಗಳ ಜೊತೆ ನನಗೆ ಹೆಚ್ಚು ಮಾತಿಲ್ಲ. ಮಗುವಿಗೆ ಎಷ್ಟನೇ ಹುಟ್ಟುಹಬ್ಬ ಎಂದು ಕೇಳಿ ಅಷ್ಟು ಮೇಣದಬತ್ತಿ ಕೊಟ್ಟರೆ ನನ್ನ ಮಾತು ಮುಗಿಯಿತು.

ಒಂದು ದಿನ ಹೆಡ್ ಆಫೀಸಿನಿಂದ ಕಾಗದ ಬಂತು. ಸ್ಮೈಲ್ ಸಾರ್ ಅದನ್ನು ನಮ್ಮೆಲ್ಲರನ್ನೂ ನಿಲ್ಲಿಸಿ ಓದಿದರು. ಸ್ವಂತ ಓವನ್ ಇರುವ ಪ್ರತಿಯೊಂದು ಶಾಖೆಯೂ ತನ್ನ ಒಂದು ಕಿಲೋ ಹುಟ್ಟುಹಬ್ಬದ ಚಾಕೊಲೇಟ್ ಕೇಕನ್ನು ಸುತ್ತಲಿನ ನಾಲ್ಕು ಸೂಪರ್ ಮಾರ್ಕೆಟ್ಟುಗಳ ಅಂಥದೇ ಕೇಕಿನ ಜೊತೆ ಹೋಲಿಸಿ ನೋಡಬೇಕು. ಹತ್ತು ಜನ ತಿಂದು ಅಂಕ ಹಾಕಬೇಕು. ನಮ್ಮ ಕೇಕು ಮೊದಲ ಎರಡು ಸ್ಥಾನದೊಳಗೆ ಬಂದರೆ ಓವನ್ ಉಳಿಯುತ್ತದೆ. ಇಲ್ಲವಾದರೆ ಮುಂದಿನ ತಿಂಗಳಿಂದ ಕಾರ್ಖಾನೆಯಲ್ಲಿ ಮಾಡಿ ಹಿಮಗಟ್ಟಿಸಿದ ಕೇಕು ಲಾರಿಯಲ್ಲಿ ಬರುತ್ತದೆ, 'ಬೇಕರಿ ಸಿಬ್ಬಂದಿಯನ್ನು ಸೂಕ್ತ ರೀತಿಯಲ್ಲಿ ಬಳಸಿಕೊಳ್ಳಲಾಗುವುದು.'

ಆ ಕೊನೆಯ ಸಾಲಿನ ಅರ್ಥವೇನೆಂದು ಚಿಕ್ಕಮ್ಮ ಕೇಳಿದಳು. ಬಿಲ್ ಹಾಕುವ ಅಕ್ಕ, ಅವಳನ್ನು ನಾವು ಬಿಲ್ಲಕ್ಕ ಎನ್ನುತ್ತೇವೆ, ಮೆಲ್ಲಗೆ ಹೇಳಿದಳು: ಸೂಕ್ತ ರೀತಿ ಎಂದರೆ ಗೇಟಿನವರೆಗೆ ಬಂದು ಬೀಳ್ಕೊಡುವುದು.

ಚಿಕ್ಕಮ್ಮ ಒಳಗೆ ಹೋಗಿ, ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸಿದಳು. ಮನೆಯಲ್ಲಿ ಚಿಕ್ಕಪ್ಪ ಸಮಾಧಾನ ಹೇಳಲು ನೋಡಿದರು: ಅವರೇನು ಹೊರಗೆ ಹಾಕುತ್ತಾರೆಯೇ, ಸೋಪಿನ ಸಾಲಿನಲ್ಲಿ ನಿಲ್ಲಿಸಬಹುದು, ಅಲ್ಲಿ ಬೆಂಕಿ ಇಲ್ಲ, ತಂಪಾಗಿರುತ್ತದೆ ಎಂದರು. ಚಿಕ್ಕಮ್ಮ ಅವರ ಮುಂದೆ ತಟ್ಟೆ ಇಟ್ಟ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ಸ್ಮೈಲ್ ಸಾರ್‌ಗೂ ಓವನ್ ಬೇಕಿತ್ತು. ಚಿಕ್ಕಮ್ಮನ ಮೇಲಿನ ಕರುಣೆಗಲ್ಲ. ಓವನ್ ಇರುವ ಶಾಖೆ ಮೊದಲ ದರ್ಜೆಯದು, ಮೊದಲ ದರ್ಜೆಯ ಮ್ಯಾನೇಜರಿಗೆ ಎ.ಸಿ. ಇರುವ ಕೋಣೆ ಸಿಗುತ್ತದೆ.

ನಾಲ್ಕು ಅಂಗಡಿಗಳಿಂದ ಕೇಕು ತರಲು ನನ್ನನ್ನು ಆರಿಸಿದರು. ಇವಳು ಎಲ್ಲಿಗೆ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಿದ್ದರೂ ಗೊತ್ತಾಗುವುದಿಲ್ಲ ಎಂದು ಸ್ಮೈಲ್ ಸಾರ್ ಕಾರಣ ಕೊಟ್ಟರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಹೋಲಿಕೆಯ ದಿನ ಬೆಳಗ್ಗೆ ಆರಕ್ಕೆ ನಾನೂ ಚಿಕ್ಕಮ್ಮನೂ ಬಂದೆವು. ಅವಳು ಅವತ್ತು ಒಂದೇ ಕೇಕಿಗೆ ಹಿಟ್ಟು ಕಲಸಿ ಓವನ್ನಿಗಿಟ್ಟು, ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಟಿನ್ನನ್ನು ಅರ್ಧ ತಿರುಗಿಸಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ಮತ್ತೆ ತಿರುಗಿಸಿದಳು. ದಿನಾ ಇಪ್ಪತ್ತೆರಡು ಕೇಕು ಹತ್ತು ಗಂಟೆಯೊಳಗೆ ಮುಗಿಸಬೇಕಾದವಳಿಗೆ ಇಂಥ ಉಪಚಾರಕ್ಕೆ ಬಿಡುವಿರುವುದಿಲ್ಲ. ಹೊರಗೆ ಬಂದ ಕೇಕಿನ ತಲೆಯನ್ನು ದಾರ ಹಿಡಿದು ಸಮವಾಗಿ ಕತ್ತರಿಸಿದಳು. ಕೂತು, ಬಾಗಿ, ಕಣ್ಣಿನ ಮಟ್ಟಕ್ಕೆ ಇಟ್ಟು ನೋಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಕೇಕು ಕವಾಯತಿಗೆ ನಿಂತ ಪೊಲೀಸಿನವನ ಹಾಗೆ ನಿಂತಿತ್ತು.

ನಾನು ಎರಡು ಸುತ್ತಿನಲ್ಲಿ ನಾಲ್ಕು ಕೇಕು ತಂದೆ.

ಮೊದಲನೆಯ ಅಂಗಡಿ ದೊಡ್ಡವರದು. ಅಲ್ಲಿ ಕೇಕಿನ ಡಬ್ಬಕ್ಕೇ ಒಂದು ಡಬ್ಬ. ಹೊರಗಿನದು ಚಿನ್ನದ ಬಣ್ಣದ್ದು, ರೇಷ್ಮೆಯ ಪಟ್ಟಿ, ಅದಕ್ಕೊಂದು ಗಂಟೆ. ಎಲ್ಲವನ್ನೂ ಬಿಚ್ಚಿದ ಮೇಲೆ ಮಧ್ಯದಲ್ಲಿ ಕೇಕು ಇತ್ತು, ತನ್ನದೇ ಮನೆಯಲ್ಲಿ ನೆಂಟನಂತೆ. ಮೂಗಿಗಿಂತ ಮೂಗುತಿ ಭಾರ. ಎರಡನೆಯ ಅಂಗಡಿಯದು ಅಗ್ಗ. ಡಬ್ಬದ ಮೇಲೆ ಚಾಕೊಲೇಟ್ ಎಂದು ಗೇಣುದ್ದ ಅಕ್ಷರ. ಪಕ್ಕದಲ್ಲಿ 'ರುಚಿಯ' ಎಂದು ಇರುವೆ ಗಾತ್ರದ ಅಕ್ಷರ. ಬಣ್ಣ ಮಾತ್ರ ಅಪ್ಪಟ, ಬೂಟಿಗೆ ಹಚ್ಚಿದರೂ ಹೊಳೆಯುವಂಥದು. ಮೂರನೆಯದರ ಮೇಲೆ ಚಾಕೊಲೇಟನ್ನು ಹೆರೆದು ಸುರಿದಿದ್ದರು. ಬಡಗಿ ಊಟಕ್ಕೆ ಎದ್ದುಹೋದ ಜಾಗದ ಹಾಗಿತ್ತು. ಅದನ್ನು ಕೊಟ್ಟ ಹುಡುಗಿ ಹುಟ್ಟುಹಬ್ಬ ಯಾರದ್ದು ಎಂದು ಕೇಳಿದಳು. ನನಗೆ ಉತ್ತರ ಹೊಳೆಯದೆ ಓವನ್ನಿನದು ಎಂದುಬಿಟ್ಟೆ. ಅವಳು ನನ್ನನ್ನು ಇನ್ನೊಮ್ಮೆ ನೋಡಿ ಒಂದು ಮೇಣದಬತ್ತಿ ಪುಕ್ಕಟೆ ಕೊಟ್ಟಳು.

ನಾಲ್ಕನೆಯದು ನೀಲಿ ಚೀಲದ ಅಂಗಡಿಯದು. ಡಬ್ಬದ ಮೇಲೆ ಒಂದು ಕುಟುಂಬದ ಚಿತ್ರ, ಅಪ್ಪ, ಅಮ್ಮ, ಮಗು, ನಾಯಿ. ನಾಲ್ವರೂ ಹಲ್ಲು ಬಿಟ್ಟು ನಗುತ್ತಿದ್ದರು, ಯಾರ ಮುಂದೆಯೂ ಕೇಕು ಇರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಒಬ್ಬರು ಸೀಲಿಂಗ್ ಫ್ಯಾನಿನ ಪೆಟ್ಟಿಗೆ ಹಿಡಿದು ಕೂತಿದ್ದರು. ಎರಡು ನಿಲ್ದಾಣ ಕಳೆಯುವುದರಲ್ಲಿ ಅವರು ನಿದ್ದೆಹೋದರು, ಅವರ ಫ್ಯಾನು ನನ್ನ ಕೇಕಿನ ಮೇಲೆ ಒರಗಿತು. ಸ್ವಲ್ಪ ಆ ಕಡೆ ಇಟ್ಟುಕೊಳ್ಳಿ ಎಂದು ಹೇಳಬಹುದಿತ್ತು. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಾಗ ನಮ್ಮ ನಿಲ್ದಾಣ ಬಂತು.

ಬಿಚ್ಚಿ ನೋಡಿದರೆ ನೀಲಿ ಚೀಲದ ಕೇಕು ಒಂದು ಕಡೆಗೆ ವಾಲಿತ್ತು. ಚಾಕುವಿನಿಂದ ಕ್ರೀಮನ್ನು ಸವರಿ ಸರಿಮಾಡಿದೆ, ವಾಲುವುದು ಮಾತ್ರ ಹೋಗಲಿಲ್ಲ. ನಿಯಮದಲ್ಲಿ 'ಕೊಂಡು ತಂದ ಸ್ಥಿತಿಯಲ್ಲೇ' ಎಂದು ಬರೆದಿತ್ತು. ಹಾಗೆಯೇ ಬಿಟ್ಟೆ.

ಮಧ್ಯಾಹ್ನ ಹೆಡ್ ಆಫೀಸಿನ ಮೇಡಮ್ ಬಂದರು. ಕೈಯಲ್ಲಿ ಒಂದು ಅಳತೆ ಪಟ್ಟಿ, ಒಂದು ಲಕೋಟೆ. ಯಾವ ಕೇಕು ಯಾರದೆಂದು ಗುರುತು ಸಿಗಬಾರದು, ಆದ್ದರಿಂದ ಹೂವು, ಹೆರೆದ ಚಾಕೊಲೇಟು, ಬರಹ ಎಲ್ಲವನ್ನೂ ತೆಗೆದುಬಿಡು ಎಂದು ನನಗೆ ಹೇಳಿದರು. ಮೇಲಿನ ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಐದನ್ನೂ ಬೋಳಿಸಿದೆ. ಬೋಳಾದ ಮೇಲೆ ಐದೂ ಒಂದೇ ತಾಯಿ ಮಕ್ಕಳ ಹಾಗಿದ್ದವು. ಒಂದೊಂದರ ಮುಂದೆ ಅ, ಆ, ಇ, ಈ, ಉ ಎಂದು ಚೀಟಿ ಇಟ್ಟೆ. ಯಾವುದು ಯಾರದೆಂದು ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿದೆ. ಇ ಎಂದರೆ ನೀಲಿ ಚೀಲ, ಉ ಎಂದರೆ ನಾವು.

ಹೋಲಿಕೆ 'ಹುಟ್ಟುಹಬ್ಬದ ವಾತಾವರಣದಲ್ಲಿ' ನಡೆಯಬೇಕೆಂದು ಕಾಗದದಲ್ಲಿತ್ತು. ಅದಕ್ಕಾಗಿ ಬಲೂನು ಊದಿಸಿದ್ದರು. ಹುಟ್ಟುಹಬ್ಬ ಎಂದ ಮೇಲೆ ಹುಟ್ಟಿದವರೊಬ್ಬರು ಬೇಕಲ್ಲ, ಗೇಟಿನಲ್ಲಿ ಕಾವಲಿರುವ ತಾತನನ್ನು ಕರೆತಂದರು. ತಾತನಿಗೆ ತಾನು ಹುಟ್ಟಿದ ದಿನ ಯಾವುದೆಂದು ಗೊತ್ತಿಲ್ಲ. ಹಾಗಾದರೆ ಇವತ್ತೇ ಅಂದುಕೋ ಎಂದು ಸ್ಮೈಲ್ ಸಾರ್ ಅವನ ಸಮವಸ್ತ್ರದ ಟೋಪಿ ತೆಗೆದು ಕಾಗದದ ಟೋಪಿ ಹಾಕಿದರು. ಹತ್ತು ಜನರಲ್ಲಿ ಇಬ್ಬರಾದರೂ ಗಿರಾಕಿಗಳಿರಬೇಕೆಂದು ಇನ್ನೊಂದು ನಿಯಮ. ಬಿಲ್ಲಕ್ಕ ಕೆಳಗೆ ಹೋಗಿ ಒಂದು ಸೋಪು ಕೊಂಡು ಗಿರಾಕಿಯಾಗಿ ಬಂದಳು. ತರಕಾರಿ ತೂಗುವವನು ಒಂದು ಬೆಂಕಿಪೊಟ್ಟಣ ಕೊಂಡ. ಹತ್ತನೆಯವರು ಸಿಗದೆ ನನ್ನ ಕೈಗೂ ಒಂದು ಫಾರಂ ಬಂತು.

ತಾವು ಇಲ್ಲಿದ್ದರೆ ಪ್ರಭಾವ ಬೀರಿದಂತಾಗುತ್ತದೆ ಎಂದು ಮೇಡಮ್ ಕೆಳಗೆ ಹೋದರು. ಹಿಮಗಟ್ಟಿದ ಕೇಕಿನ ದೊಡ್ಡ ಫ್ರಿಡ್ಜು ಎಲ್ಲಿ ಕೂರುತ್ತದೆ ನೋಡೋಣವೆಂದು ಬೇಕರಿ ಕೋಣೆಯನ್ನು ಅಳೆಯಲು ಶುರುಮಾಡಿದರಂತೆ. ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದು ನಿಂತವಳು ಚಿಕ್ಕಮ್ಮ.

ಮೇಲೆ, ಬಾಗಿಲು ಮುಚ್ಚಿದ ಕೂಡಲೇ ಸ್ಮೈಲ್ ಸಾರ್ ಮುಂದೆ ಬಂದರು. ಅವರು ಹೇಳುವುದಕ್ಕೆ ಮೊದಲೇ ಎಲ್ಲರ ಕಣ್ಣೂ ಒಂದೇ ಕಡೆ ಹೋಗಿತ್ತು.

"ನಮ್ದು ಯಾವ್ದು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ವಾಲಿರೋದು ಕಾಣ್ತಿದೆಯಲ್ಲ. ಅದಕ್ಕೆ ಎಲ್ಲಾದ್ರಲ್ಲೂ ಐದಕ್ಕೆ ಐದು. ಮಿಕ್ಕಿದ್ದಕ್ಕೆ ಎರಡರ ಮೇಲೆ ಹೋಗಬೇಡಿ. ಅನುಮಾನ ಬರಬಾರದು, ಅಲ್ಲೊಂದು ಇಲ್ಲೊಂದು ಮೂರು ಹಾಕಿ."

"ಹನ್ನೊಂದು ವರ್ಷದಿಂದ ತಿಂತಿದೀವಿ ಸಾರ್" ಎಂದಳು ಬಿಲ್ಲಕ್ಕ. "ಕತ್ತಲಲ್ಲಿ ಕೊಟ್ರೂ ಗುರುತು ಹಿಡೀತೀನಿ."

ವಾಲಿದ್ದು ಇ. ನಮ್ಮದು ಮೇಜಿನ ತುದಿಯಲ್ಲಿ ನೆಟ್ಟಗೆ, ಅನಾಥನಂತೆ ನಿಂತಿತ್ತು. ನಾನು ಎದ್ದು, ಸಾರ್, ಅದು, ಎಂದೆ.

"ನೀನು ಬರೀ ತಟ್ಟೆ ಕೊಡಮ್ಮ. ಗುಟ್ಟು ನಿನ್ನ ಹತ್ರ ಇದೆ. ನೀನು ಬಾಯಿ ಬಿಟ್ರೆ ನಿಯಮ ಮುರಿದ ಹಾಗೆ ಆಗುತ್ತೆ."

ನಿಯಮದ ಮೇಲೆ ಅವರಿಗಿದ್ದ ಗೌರವ ಕಂಡು ನಾನು ಕೂತೆ.

ತಾತ ಮೇಣದಬತ್ತಿ ಆರಿಸಿದ. ನಾನು ಕತ್ತರಿಸಿ ಕೊಟ್ಟೆ. ವಾಲಿದ ಕೇಕು ಬಾಯಿಗೆ ಹೋದದ್ದೇ ತಡ, ಎಲ್ಲರ ಕಣ್ಣೂ ಮುಚ್ಚಿದವು. ತರಕಾರಿಯವನು ನಮ್ಮ ಬೇಕರಿ ಅಕ್ಕನ ಕೈಗುಣವೇ ಬೇರೆ ಎಂದ. ಇಂಥ ಮೆತ್ತಗೆ ಕಾರ್ಖಾನೆಯವರಿಗೆ ಬರುತ್ತದೆಯೇ ಎಂದು ಸ್ಮೈಲ್ ಸಾರ್ ಕೇಳಿದರು. ಅದು ಕಾರ್ಖಾನೆಯಲ್ಲೇ ಆಗಿತ್ತು, ಡಬ್ಬದ ಕೆಳಗೆ ವಿಳಾಸವಿತ್ತು. ಕೊನೆಗೆ ನೆಟ್ಟಗೆ ನಿಂತದ್ದರ ಸರದಿ ಬಂತು. ಬಿಲ್ಲಕ್ಕ ಒಂದು ಚೂರು ನಾಲಿಗೆಗೆ ಇಟ್ಟು ಮುಖ ಕಿವುಚಿದಳು. ಯಾವ ಬಡಪಾಯಿ ಮಾಡಿದ್ದೋ, ರಟ್ಟು ತಿಂದ ಹಾಗಿದೆ, ಇದನ್ನು ಹುಟ್ಟುಹಬ್ಬಕ್ಕೆ ಕೊಟ್ಟರೆ ಮಗು ಮುಂದಿನ ವರ್ಷ ಹುಟ್ಟುವುದೇ ಬೇಡ ಎನ್ನುತ್ತದೆ ಎಂದಳು. ಎಲ್ಲರೂ ನಕ್ಕರು. ದಿನಾ ಮಧ್ಯಾಹ್ನ ಬೇಕರಿ ಕೋಣೆಗೆ ಬಂದು ಕತ್ತರಿಸಿ ಉಳಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುವವಳು ಇದೇ ಬಿಲ್ಲಕ್ಕ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮವರು ಪಕ್ಕದ ಮನೆಯ ಹೆಗ್ಗಣವನ್ನು ಎತ್ತಿ ಮುದ್ದಾಡುತ್ತಿದ್ದರು.

ನಾನು ನನ್ನ ಫಾರಂ ತುಂಬಿದೆ. ಐದನ್ನೂ ಎರಡೆರಡು ಸಲ ತಿಂದು, ನಡುವೆ ನೀರು ಕುಡಿದು, ತೋಚಿದ್ದನ್ನು ಬರೆದೆ. ಗಂಟೆ ಕಟ್ಟಿದ ಕೇಕಿನಲ್ಲಿ ಗಂಟೆಯೇ ಚೆನ್ನಾಗಿತ್ತು. ಅಗ್ಗದ್ದು ತಿಂದ ಮೇಲೆ ನಾಲಿಗೆಯ ಬಣ್ಣ ಬದಲಾಯಿತು, ರುಚಿಯೇನೂ ತಿಳಿಯಲಿಲ್ಲ. ನೀಲಿ ಚೀಲದ್ದು ಮೆತ್ತಗಿತ್ತು, ಆದರೆ ಬರೀ ಎಣ್ಣೆ. ಬಡಗಿಯ ಕೇಕೇ ಎಲ್ಲಕ್ಕಿಂತ ಚೆನ್ನಾಗಿತ್ತು, ಇದು ನನಗೆ ಇಷ್ಟವಾಗದ ಸಂಗತಿ. ನಮ್ಮದಕ್ಕೆ ಚಾಕೊಲೇಟಿನ ರುಚಿಗೆ ಐದು, ನೇರ ನಿಲ್ಲುವುದಕ್ಕೆ ಐದು, ಸಿಹಿಗೆ ನಾಲ್ಕು ಹಾಕಿದೆ. ಮೃದುತ್ವ ಎಂಬಲ್ಲಿ ಪೆನ್ನು ನಿಂತಿತು. ಮತ್ತೊಂದು ಚೂರು ತಿಂದು ನೋಡಿದೆ. ಎರಡು ಎಂದು ಹಾಕಿ, ಪಕ್ಕದಲ್ಲಿ 'ಅಂಚು ಒಣಗಿದೆ' ಎಂದು ಬರೆದೆ.

ಫಾರಂಗಳನ್ನು ಮೇಡಮ್‌ಗೆ ಕೊಟ್ಟು, ಅವರು ಕೂಡಿಸುವಷ್ಟರಲ್ಲಿ ಬೇಕರಿ ಕೋಣೆಗೆ ಓಡಿದೆ. ಚಿಕ್ಕಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ ಇದು:

"ನೇರ ನಿಂತಿತ್ತಾ?"

"ನಿಂತಿತ್ತು ಚಿಕ್ಕಮ್ಮ."

"ಕತ್ತರಿಸಿದ ಮೇಲೂ?"

"ಕೊನೇ ತುಂಡಿನವರೆಗೂ."

ಒಂದು ಕ್ಷಣ ಅವಳ ಮುಖದಲ್ಲಿ ಬೆಳಕು ಬಂತು. ಆಮೇಲೆ ಉಳಿದದ್ದು ತಲೆಗೆ ಹೋಯಿತು. ಸ್ಟೂಲಿನ ಮೇಲೆ ಕೂತಳು.

"ಹಂಗಾದ್ರೆ ಹನ್ನೊಂದು ವರ್ಷ ನನ್ನ ಕೇಕನ್ನ ಯಾರೂ ತಿಂದೇ ಇಲ್ಲ. ನೋಡಿದಾರೆ ಅಷ್ಟೆ."

ಮೇಡಮ್‌ಗೆ ಹೇಳಿಬಿಡಲೇ ಎಂದು ಕೇಳಿದೆ. ಬೇಡ ಎಂದಳು. ಹೇಳಿದರೆ ಎಲ್ಲರೂ ಕಳ್ಳರಾಗುತ್ತಾರೆ, ತಾತನನ್ನೂ ಸೇರಿಸಿ. ಈ ವಯಸ್ಸಿನಲ್ಲಿ ಅವನಿಗೆ ಇನ್ನೊಂದು ಗೇಟು ಎಲ್ಲಿ ಸಿಗುತ್ತದೆ ಎಂದಳು. ಆದರೂ ನಾನು ಹೊರಟಾಗ ಏಪ್ರನ್ ಬಿಚ್ಚಿಟ್ಟು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ, ಬಾಗಿಲ ಬಳಿ ನಿಂತಳು.

ಮೇಡಮ್ ಓದಿದರು. ಮೊದಲ ಸ್ಥಾನ ಇ, ಹತ್ತರಲ್ಲಿ ಒಂಬತ್ತು ಜನ ಪೂರ್ಣ ಅಂಕ ಕೊಟ್ಟಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಮೈಲ್ ಸಾರ್ ತಲೆ ಬಾಗಿಸಿ, ಎಲ್ಲ ತಂಡದ ಶ್ರಮ ಎಂದರು. ಕೊನೆಯ ಸ್ಥಾನ ಉ. ತರಕಾರಿಯವನು ಅದಕ್ಕೂ ತಟ್ಟಿದ. ಆಮೇಲೆ ಮೇಡಮ್ ಲಕೋಟೆ ಹರಿದರು.

"ಇ, ನೀಲಿ ಚೀಲದ ಅಂಗಡಿ. ಉ, ನಮ್ಮ ಶಾಖೆ."

ಚಪ್ಪಾಳೆ ತಟ್ಟಲು ಎತ್ತಿದ್ದ ಒಂದೆರಡು ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತವು. ಬಿಲ್ಲಕ್ಕ ಮೇಜಿನ ಮೇಲಿನ ತಟ್ಟೆಯನ್ನು ನೋಡಿದಳು, ಬಾಗಿಲಲ್ಲಿ ನಿಂತ ಚಿಕ್ಕಮ್ಮನನ್ನು ನೋಡಿದಳು, ಆಮೇಲೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು.

ಈಗ ಸ್ಮೈಲ್ ಸಾರ್ ಎರಡರಲ್ಲಿ ಒಂದು ಮಾಡಬೇಕಿತ್ತು. ನಾವು ಮೋಸ ಮಾಡಲು ಹೋಗಿ ತಪ್ಪು ಕೇಕಿಗೆ ಮೋಸ ಮಾಡಿದೆವು ಎನ್ನಬೇಕು, ಇಲ್ಲವೇ ನಮ್ಮ ಕೇಕು ಕೆಟ್ಟದ್ದು ಎನ್ನಬೇಕು. ಅವರು ಬಹಳ ಹೊತ್ತು ಯೋಚಿಸಲಿಲ್ಲ.

"ಫಲಿತಾಂಶ ನ್ಯಾಯವಾಗೇ ಇದೆ ಮೇಡಮ್. ಬೇಕರಿಯವರಿಗೆ ನಾನು ಮೊದಲಿಂದ ಹೇಳ್ತಾನೇ ಬಂದಿದೀನಿ, ಗುಣಮಟ್ಟ ನೋಡ್ಕೊಳ್ಳಿ ಅಂತ."

ಎ.ಸಿ. ಕೋಣೆ ಹೋದರೂ ಕುರ್ಚಿ ಉಳಿಯುತ್ತದೆ ಎಂಬ ಲೆಕ್ಕ. ಚಿಕ್ಕಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳು ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಮೇಜಿನ ಮೇಲೆ ಉಳಿದಿದ್ದ ತನ್ನ ಕೇಕನ್ನು, ಯಾರೂ ಮುಗಿಸದೆ ಬಿಟ್ಟ ತುಂಡುಗಳನ್ನು ಎಣಿಸುವವಳ ಹಾಗೆ ನೋಡುತ್ತಿದ್ದಳು.

ಮೇಡಮ್ ಫಾರಂಗಳನ್ನು ಮತ್ತೆ ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು. 'ಕತ್ತರಿಸಿದಾಗ ಕೇಕು ನೇರವಾಗಿ ನಿಲ್ಲುತ್ತದೆಯೇ' ಎಂಬ ಪ್ರಶ್ನೆಗೆ ಇ ಕೇಕಿಗೆ ಒಂಬತ್ತು ಜನ ಐದು ಕೊಟ್ಟಿದ್ದರು. ಮೇಡಮ್ ಇ ಕೇಕನ್ನು ನೋಡಿದರು. ಅರ್ಧ ಕತ್ತರಿಸಿದ ಮೇಲೆ ಅದು ಇನ್ನಷ್ಟು ವಾಲಿ, ಬಸ್ಸಿನಲ್ಲಿ ನಿದ್ದೆಹೋದವರ ಹಾಗೆ ಪಕ್ಕದ ನೀರಿನ ಜಗ್ಗಿಗೆ ಒರಗಿತ್ತು.

"ಇದು ನೇರನಾ?" ಎಂದರು.

ಒಂದು ಬಲೂನು ಸಣ್ಣಗೆ ಗಾಳಿ ಬಿಡುತ್ತಿತ್ತು. ಬೇಡ ಎಂದು ಚಿಕ್ಕಮ್ಮ ಹೇಳಿದ್ದು ನೆನಪಿತ್ತು. ತಾತನ ಗೇಟೂ ನೆನಪಿತ್ತು. ಆದರೆ ಫ್ಯಾನಿನ ಪೆಟ್ಟಿಗೆ ಒರಗಿದಾಗ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ವಾಕ್ಯ ಜೋಡಿಸಿಕೊಳ್ಳುತ್ತಾ ಕೂತರೆ ಮೇಡಮ್ ಹೊರಟುಹೋಗುತ್ತಾರೆ ಎನ್ನಿಸಿ, ಜೋಡಿಸದೆಯೇ ಹೇಳಿಬಿಟ್ಟೆ.

"ನಮ್ಮ ಕೇಕು ದಿನಾ ವಾಲುತ್ತೆ ಮೇಡಮ್. ಇವತ್ತೊಂದು ದಿನ ವಾಲಲಿಲ್ಲ. ಅದಕ್ಕೆ ಇವರಿಗೆ ಗುರುತು ಸಿಗಲಿಲ್ಲ."

ನನ್ನ ದನಿ ಆ ಕೋಣೆಯಲ್ಲಿ ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಸ್ಮೈಲ್ ಸಾರ್ ನನ್ನನ್ನು ನೋಡಿದರು. ನಾನು ಇಲ್ಲಿದ್ದೇನೆಂದು ಅವರಿಗೆ ಅವತ್ತು ಗೊತ್ತಾಯಿತು.

ಮೇಡಮ್ ನಗಲಿಲ್ಲ, ಬೈಯಲೂ ಇಲ್ಲ. ಫಾರಂಗಳನ್ನು ವಿಂಗಡಿಸತೊಡಗಿದರು. ಒಂದೇ ಅಚ್ಚಿನಲ್ಲಿ ತೆಗೆದಂತಿದ್ದ ಎಂಟನ್ನು ಪಕ್ಕಕ್ಕೆ ಇಟ್ಟರು. ಒಂಬತ್ತನೆಯದರಲ್ಲಿ ಐದು ಕೇಕಿಗೂ, ಎಲ್ಲ ಪ್ರಶ್ನೆಗೂ, ಐದಕ್ಕೆ ಐದು ಇತ್ತು. ಇದು ಯಾರದ್ದು ಎಂದು ಕೇಳಿದರು. ತಾತ ಕಾಗದದ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ.

"ನಂದು ತಾಯಿ. ನನ್ನ ಹುಟ್ಟುಹಬ್ಬಕ್ಕೆ ಅಂತ ತಂದಿದ್ರು. ತಂದಿದ್ದರಲ್ಲಿ ಹೆಚ್ಚು ಕಮ್ಮಿ ಹೇಳೋದು ಹೆಂಗೆ?"

ಅದನ್ನು ಮೇಡಮ್ ಬೇರೆಯಾಗಿ ಇಟ್ಟರು. ಉಳಿದದ್ದು ನನ್ನದು. ಅದನ್ನು ಅವರು ಗಟ್ಟಿಯಾಗಿ ಓದಿದರು. ಬಡಗಿಯ ಕೇಕು ಮೊದಲು, ನಮ್ಮದು ಎರಡನೆಯದು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅವರು ಹೆಡ್ ಆಫೀಸಿನವರು, ಪೂರ್ತಿ ಓದುತ್ತಾರೆ. "ಉ. ಮೃದುತ್ವ, ಎರಡು. ಅಂಚು ಒಣಗಿದೆ."

ಚಿಕ್ಕಮ್ಮ ಚೌಕಟ್ಟನ್ನು ಬಿಟ್ಟು ನೆಟ್ಟಗೆ ನಿಂತಳು.

ಒಬ್ಬಳ ಫಾರಂ ಇಟ್ಟುಕೊಂಡು ಗೆದ್ದಿರಿ ಎನ್ನಲು ಬರುವುದಿಲ್ಲ, ಮಿಕ್ಕವರ ಫಾರಂ ಇಟ್ಟುಕೊಂಡು ಸೋತಿರಿ ಎನ್ನಲೂ ಬರುವುದಿಲ್ಲ ಎಂದರು ಮೇಡಮ್. ಹೋಲಿಕೆ ರದ್ದು. ಮೂರು ತಿಂಗಳ ನಂತರ ಬೇರೆ ಶಾಖೆಯವರು, ಈ ಕೇಕನ್ನು ಒಮ್ಮೆಯೂ ನೋಡದವರು, ತಿಂದು ಹೇಳುತ್ತಾರೆ. ಅಲ್ಲಿಯವರೆಗೆ ಓವನ್ ಇರುತ್ತದೆ. ಆಮೇಲೆ ಕೇಕು ದಿನಾ ಯಾಕೆ ವಾಲುತ್ತದೆ ಎಂದು ಕೇಳಿದರು. ಈ ಸಲ ಉತ್ತರ ಕೊಟ್ಟವಳು ಚಿಕ್ಕಮ್ಮ. ಕೆಳಗೆ ಕರೆದುಕೊಂಡು ಹೋಗಿ, ಮೇಡಮ್ ಕೈಯಿಂದಲೇ ಪೆನ್ನು ಇಸಿದುಕೊಂಡು ನೆಲದ ಮೇಲೆ ಇಟ್ಟಳು. ಪೆನ್ನು ಓವನ್ನಿನ ಅಡಿಯಿಂದ ಉರುಳಿ ಬಚ್ಚಲ ಗೋಡೆಗೆ ತಗುಲಿ ನಿಂತಿತು. ಒಂದು ಗಂಟೆ ಹಿಂದೆ ಇದೇ ಕೋಣೆಯ ಉದ್ದ ಅಗಲವನ್ನೆಲ್ಲ ಅಳೆದಿದ್ದ ಮೇಡಮ್, ಅದನ್ನು ಎತ್ತಿಕೊಳ್ಳಲು ತಾವೇ ಬಗ್ಗಿದರು. ಅರ್ಜಿ ಕೊಡಲಿಲ್ಲವೇ ಎಂದರು. ಮೂರು ಕೊಟ್ಟಿದ್ದಾರೆ, ಪರಿಶೀಲನೆಯಲ್ಲಿದೆ ಎಂದು ಸ್ಮೈಲ್ ಸಾರ್ ನಕ್ಕರು. ಹೆಡ್ ಆಫೀಸು ಎದುರಿಗೇ ನಿಂತಿದ್ದರಿಂದ ಆ ನಗು ಮೊದಲ ಸಲ ಸರಿಯಾದ ಜಾಗಕ್ಕೆ ತಲುಪಿತು. ಏನೂ ಉಪಯೋಗವಾಗಲಿಲ್ಲ. ನಾಳೆಯೊಳಗೆ ಓವನ್ ಸಮವಾಗಬೇಕೆಂದು ಬರೆಸಿಕೊಂಡು, ಆ ಎಂಟು ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಮೇಡಮ್ ಹೋದರು.

ನನಗೆ ಯಾರೂ ಆರತಿ ಎತ್ತಲಿಲ್ಲ. ಬಿಲ್ಲಕ್ಕ ನನ್ನನ್ನು ಕಂಡು ಮುಖ ತಿರುಗಿಸಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಚಿಕ್ಕಮ್ಮ ಬಸ್ಸಿನ ಕಿಟಕಿಯನ್ನೇ ನೋಡುತ್ತಿದ್ದಳು. ಓವನ್ ಉಳಿಯಿತಲ್ಲ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಹ್ಞೂಂ ಎಂದಳು. ಮನೆಯಲ್ಲಿ ವಿಷಯ ಕೇಳಿದ ಚಿಕ್ಕಪ್ಪ, ಇವಳ ಮನೆಯಲ್ಲೇ ಉಂಡು ಇವಳಿಗೇ ಎರಡು ಕೊಟ್ಟೆಯಾ, ನಾನು ಇಷ್ಟು ವರ್ಷ ಇವಳ ಅಡುಗೆ ತಿಂದು ಒಂದು ದಿನವಾದರೂ ನಾಲ್ಕಕ್ಕಿಂತ ಕೆಳಗೆ ಹೋಗಿದ್ದೇನೆಯೇ ಎಂದರು. ಚಿಕ್ಕಮ್ಮ ಅವರಿಗೂ ಬೆನ್ನು ಹಾಕಿ ಮಲಗಿದಳು. ಮುಂದೆ ಎಷ್ಟು ದಿನ ಹೀಗೆ ಎಂದು ನಾನು ಚಾಪೆಯ ಮೇಲೆ ಲೆಕ್ಕ ಹಾಕಿದೆ.

ಮರುದಿನ ಬೆಳಗ್ಗೆ ಬೇಕರಿ ಕೋಣೆಯಲ್ಲಿ ಇಬ್ಬರೇ ಇದ್ದೆವು. ನಾನು ಬಾಗಿಲಲ್ಲೇ ನಿಂತು ಡಬ್ಬ ಮಡಿಸುತ್ತಿದ್ದೆ. ಅವಳು ಹಿಟ್ಟು ಜರಡಿ ಹಿಡಿಯುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಅಂಚು ಅಂದ್ರೆ ಎಷ್ಟು?"

ಹೆಬ್ಬೆರಳಿನ ಉಗುರು ತೋರಿಸಿದೆ. ಅವಳು ತಿರುಗಿ ಉಗುರನ್ನು ನೋಡಿದಳು.

"ಅಷ್ಟೇನಾ?"

"ಒಂದು ಕಡೆ ಸ್ವಲ್ಪ ಜಾಸ್ತಿ."

"ಎರಡು ಸಲ ಬಾಗಿಲು ತೆಗೆದ್ನಲ್ಲ. ಬೇಯೋದು ತಡ ಆಯ್ತು, ಇನ್ನೂ ಹತ್ತು ನಿಮಿಷ ಬಿಟ್ಟೆ" ಎಂದಳು. ನನಗಲ್ಲ, ಓವನ್ನಿಗೆ ಹೇಳಿದ ಹಾಗಿತ್ತು. ಜರಡಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. "ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳು. ಹೊರಗಿನವರ ಬಾಯಲ್ಲಿ ಓದಿಸಬೇಡ."

ಇನ್ನೊಂದು ಇತ್ತು. ಸಿಹಿಗೆ ನಾಲ್ಕು ಹಾಕಿದ್ದೆನಲ್ಲ, ಮೂರು ಹಾಕಬೇಕಿತ್ತು. ಆ ಒಂದು ಅಂಕ ಮನೆಯವಳೆಂಬ ದಾಕ್ಷಿಣ್ಯಕ್ಕೆ ಹಾಕಿದ್ದು. ಆ ಮಟ್ಟಿಗೆ ಬಿಲ್ಲಕ್ಕನಿಗೂ ನನಗೂ ದೊಡ್ಡ ವ್ಯತ್ಯಾಸವಿಲ್ಲ.

"ಸಕ್ಕರೆ ಸ್ವಲ್ಪ ಜಾಸ್ತಿ ಚಿಕ್ಕಮ್ಮ. ಮೊದಲಿಂದಲೂ."

ಅವಳು ಕಲಸುವ ಪಾತ್ರೆಗೆ ಆಗಲೇ ಸುರಿದಿದ್ದ ಸಕ್ಕರೆಯಿಂದ ಒಂದು ಲೋಟ ತುಂಬಿ ಹೊರಗೆ ತೆಗೆದಳು. ಲೋಟವನ್ನು ಕೈಯಲ್ಲಿ ಹಿಡಿದು ಯೋಚಿಸಿದಳು. ಆಮೇಲೆ ಅರ್ಧ ಲೋಟ ಮತ್ತೆ ಪಾತ್ರೆಗೆ ಸುರಿದಳು.

"ಎಲ್ಲಾ ನಿನ್ನ ಮಾತೇ ಕೇಳಕ್ಕಾಗಲ್ಲ" ಎಂದು ಯಂತ್ರದ ಗುಂಡಿ ಒತ್ತಿದಳು.